ಕೇಳಿದ್ದು ಸಿಗ್ನಲ್

ಮತ ಎಣಿಕೆಯ ದಿನ ಗುರುಬಸಪ್ಪನವರ ಮನೆಯಲ್ಲಿ ಟೀವಿಯ ರಿಮೋಟನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಬೆಳಿಗ್ಗೆಯೇ ಸ್ನಾನ, ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬೆತ್ತದ ಕುರ್ಚಿಗೆ ಬಂದು ಕೂತರೆ ಸಂಜೆಯವರೆಗೂ ಅಲ್ಲೇ. ಬ್ಯಾಡಗಿಯಿಂದ ಮೆಣಸಿನಕಾಯಿ ವ್ಯಾಪಾರಕ್ಕೆಂದು ಮದರಾಸಿಗೆ ಬಂದವರು ಅವರು. ತಮಿಳು ಓದಲು ಕಲಿತದ್ದೇ ಗೋಡೆಯ ಮೇಲಿನ ಚುನಾವಣೆ ಬರಹಗಳನ್ನು ನೋಡಿ ಎಂದು ಹೇಳಿಕೊಳ್ಳುತ್ತಿದ್ದರು. ಅಂಗಡಿ ಕೊಟ್ಟು ಕೀಲ್ಪಾಕಿನ ಈ ನೆಲಮಹಡಿಯ ಫ್ಲಾಟಿನಲ್ಲಿ ಕೂತ ಮೇಲಂತೂ ಯಾವ ಕ್ಷೇತ್ರದಲ್ಲಿ ಯಾರು ನಿಂತಿದ್ದಾರೆ, ಯಾರಿಗೆ ಯಾರು ಕೈ ಕೊಟ್ಟರು ಎಂಬುದೇ ಅವರ ಹೊತ್ತು ಕಳೆಯುವ ದಾರಿಯಾಗಿತ್ತು.

"ಯಾರ್ ಗೆದ್ರೂ ನಮಗೇನ್ ಕೊಡ್ತಾರ್ರೀ?" ಎಂದು ಹೆಂಡತಿ ಸುಮಿತ್ರಮ್ಮ ಒಳಗಿನಿಂದ ಕೇಳುತ್ತಿದ್ದರು.

"ಅವ್ರು ಕೊಡೂದಲ್ಲ, ನಾವು ಕೇಳೂದು. ಕೇಳಾಕ ನಮ್ಮಾಂವ ಅಂತ ಒಬ್ಬ ಬೇಕಲ್ಲ?"

ಹಿಂದಿನ ವಿಧಾನಸಭೆ ಚುನಾವಣೆಯಲ್ಲಿ ಅವರ ಕ್ಷೇತ್ರದಿಂದ ಗೆದ್ದವರು ಮೊದಲ ಸಲ ನಿಂತವರು, ಓದಿದವರು, ಮಾತು ಮೆತ್ತಗೆ. ಗುರುಬಸಪ್ಪನವರ ಮತವೂ ಅವರಿಗೇ ಬಿದ್ದಿತ್ತು. ಕೊನೆಯ ಸುತ್ತಿನಲ್ಲಿ ಅವರು ಸ್ವಲ್ಪದರಲ್ಲಿ ಮುಂದೆ ಬಂದಾಗ ಗುರುಬಸಪ್ಪ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಗಳು ಬಿಂದು ನುಂಗಂಬಾಕ್ಕಂನ ಆಫೀಸಿನಿಂದ ಬಂದವಳು ಬಾಗಿಲಲ್ಲೇ ನಕ್ಕಳು.

ಅದಾಗಿ ಒಂದು ವರ್ಷ ಕಳೆದಿರಬಹುದು, ಸುಮಿತ್ರಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಚಹಾ ಸೋಸುತ್ತಿದ್ದವರ ಎಡಗೈಯಿಂದ ಪಾತ್ರೆ ಜಾರಿತು, ಬಾಯಿ ಸೊಟ್ಟಗಾಯಿತು. ಬೇಗ ಆಸ್ಪತ್ರೆಗೆ ಒಯ್ದಿದ್ದರಿಂದ ಜೀವ ಉಳಿಯಿತು, ಮಾತೂ ಬಂತು. ಎಡಗಾಲು ಮಾತ್ರ ನೆಲ ಗೀಚುತ್ತಾ ಬರುತ್ತಿತ್ತು.

ಎದುರು ರಸ್ತೆಯಾಚೆ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇತ್ತು. ಅದನ್ನು ನಡೆಸುತ್ತಿದ್ದ ಹರ್ಷಿಣಿ ಎಂಬ ಹುಡುಗಿ ಮೊದಲ ದಿನವೇ ಹೇಳಿದಳು: "ಅಮ್ಮನ್ನ ಆಟೋದಲ್ಲಿ ಕರ್ಕೊಂಡು ಬರ್ಬೇಡಿ ಸರ್. ಮನೆಯಿಂದ ಇಲ್ಲೀವರೆಗೂ ನಡೆಸಿ. ನಾನು ಇಲ್ಲಿ ಮಾಡ್ಸೋ ವ್ಯಾಯಾಮಕ್ಕಿಂತ ಅದೇ ದೊಡ್ಡ ಚಿಕಿತ್ಸೆ."

ನಡಿಗೆ ಅಷ್ಟು ದೂರವೇನಲ್ಲ. ಆದರೆ ನಡುವೆ ಆ ರಸ್ತೆ. ಮಧ್ಯದ ಕಟ್ಟೆಯಲ್ಲಿ ಒಂದು ತೆರಪು, ಅದರ ಎರಡೂ ಬದಿಗೆ ಮಾಸಿದ ಬಿಳಿ ಪಟ್ಟೆಗಳು. ಸಿಗ್ನಲ್ ಇರಲಿಲ್ಲ. ಜನ ಕೈ ಅಡ್ಡ ಹಿಡಿದು, ಓಡಿ, ನಿಂತು, ಮತ್ತೆ ಓಡಿ ದಾಟುತ್ತಿದ್ದರು. ಓಡಲಾರದವರು ಯಾರಾದರೂ ಓಡುವವರ ಬೆನ್ನು ಹಿಡಿಯಬೇಕಿತ್ತು. ಗುರುಬಸಪ್ಪ ಹೆಂಡತಿಯ ಬಲತೋಳು ಹಿಡಿದು, ಇನ್ನೊಂದು ಕೈಯಲ್ಲಿ ಮಡಿಚಿದ ಕೊಡೆಯನ್ನು ಬಾವುಟದಂತೆ ಎತ್ತಿಕೊಂಡು ದಾಟಿಸುತ್ತಿದ್ದರು.

ಒಂದು ದಿನ ಅರ್ಧಕ್ಕೆ ಬಂದಿದ್ದಾರೆ, ಒಂದು ಬಸ್ಸು ನಿಂತ ಹಾಗೆ ಮಾಡಿ ಮುಂದೆ ಬಂತು. ಅದರ ಮಗ್ಗುಲಿನಿಂದ ಬೈಕುಗಳು ನುಗ್ಗಿದವು, ಹಿಂದಿನಿಂದ ಒಂದು ನೀರಿನ ಲಾರಿ. ಎಲ್ಲರೂ ಹಾರನ್ ಒತ್ತಿದರು. ಸುಮಿತ್ರಮ್ಮನ ಕಾಲು ಅಲ್ಲೇ ಹೂತುಹೋದ ಹಾಗೆ ನಿಂತುಬಿಟ್ಟಿತು. ಗುರುಬಸಪ್ಪ ಎಳೆದರು, ಬೇಡಿಕೊಂಡರು. ಯಾರೋ ತಮಿಳಿನಲ್ಲಿ ಬೈದು ಹೋದರು. ಕೊನೆಗೆ ಹೇಗೋ ಆಚೆ ಮುಟ್ಟಿದಾಗ ಸುಮಿತ್ರಮ್ಮನ ಸೀರೆಯ ಕೆಳಗೆಲ್ಲ ಒದ್ದೆಯಾಗಿತ್ತು. ಅವರು ಅದನ್ನು ಬಲಗೈಯಿಂದ ಮುದುಡಿ ಹಿಡಿದು ಮುಚ್ಚಲು ನೋಡುತ್ತಿದ್ದರು.

"ಮನೀಗೆ ಹೋಗೂಣು," ಎಂದರು ಸಣ್ಣ ದನಿಯಲ್ಲಿ.

ಮನೆಗೆ ಹೋಗಲು ಮತ್ತೆ ಅದೇ ರಸ್ತೆ ದಾಟಬೇಕಿತ್ತು.

ಆ ವಿಷಯವನ್ನು ಇಬ್ಬರೂ ಬಿಂದುವಿಗೆ ಹೇಳಲಿಲ್ಲ, ತಮ್ಮತಮ್ಮಲ್ಲೂ ಮಾತಾಡಲಿಲ್ಲ. ಮಾರನೆಯ ದಿನ ಗುರುಬಸಪ್ಪ ಮೇಜಿನ ಮುಂದೆ ಕೂತು ಎಂಎಲ್ಎಗೆ ಪತ್ರ ಬರೆದರು. ಅರ್ಜಿಗೆ ಇಲ್ಲಿ 'ಮನು' ಎನ್ನುತ್ತಾರೆ. ಅವರ ಮನು ಚಿಕ್ಕದಾಗಿ, ಸ್ಪಷ್ಟವಾಗಿತ್ತು: ಈ ಜಾಗದಲ್ಲಿ ಪಾದಚಾರಿಗಳಿಗೆ ಸಿಗ್ನಲ್ ಬೇಕು. ಹಸಿರು ದೀಪ ನಿಧಾನವಾಗಿ ನಡೆಯುವವರು ದಾಟುವಷ್ಟು ಹೊತ್ತು ಇರಬೇಕು. ಇದು ನಮ್ಮ ಓಣಿಯದಷ್ಟೇ ಮಾತಲ್ಲ. ವಯಸ್ಸಾದವರಿಗೆ, ಕಾಲಿಲ್ಲದವರಿಗೆ ಎಷ್ಟು ಹೊತ್ತು ಬಿಡಬೇಕೆಂದು ಇಡೀ ರಾಜ್ಯಕ್ಕೇ ಒಂದು ನಿಯಮ ಆಗಬೇಕು, ತಾವು ವಿಧಾನಸಭೆಯಲ್ಲಿ ಮಾತಾಡಬೇಕು. ಬಿಂದು ಅದನ್ನು ಒಳ್ಳೆಯ ತಮಿಳಿನಲ್ಲಿ ಟೈಪ್ ಮಾಡಿಕೊಟ್ಟಳು. ಕಂಪ್ಯೂಟರ್ ಮುಚ್ಚುತ್ತಾ, "ಅಪ್ಪಾ, ಇದೆಲ್ಲಾಂ ನಡಕ್ಕುಮಾ?" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲೇ ಬರುತ್ತಿತ್ತು.

"ನಡೀತೈತಿ. ನಾವ್ ಆರಿಸಿದ ಮನಶಾ ಅಂವ," ಎಂದರು ಅಪ್ಪ.

ಎಂಎಲ್ಎ ಕಚೇರಿಯಲ್ಲಿ ವೆಂಕಟೇಶ ಎಂಬ ಸಹಾಯಕ ಇದ್ದ. ಎದ್ದು ನಿಂತು ಮನು ತೆಗೆದುಕೊಂಡ, ಕುರ್ಚಿ ಕೊಟ್ಟ, ನೀರು ತರಿಸಿದ. ಎಂಎಲ್ಎ ಕೂಡ ಹೊರಗೆ ಬಂದರು. ಅರ್ಧ ಓದಿ ಪಕ್ಕಕ್ಕೆ ಇಡುವವರಲ್ಲ, ಪೂರ್ತಿ ಓದಿದರು. "ಅಮ್ಮ ಈಗ ಹೇಗಿದ್ದಾರೆ?" ಎಂದು ಕೇಳಿದರು. ಮನೆಗೆ ಬಂದು ಗುರುಬಸಪ್ಪ ಮೊದಲು ಹೇಳಿದ್ದು ಆ ಪ್ರಶ್ನೆಯನ್ನೇ.

ಅದೇ ವಾರ ಎಂಎಲ್ಎ ಸ್ಥಳಕ್ಕೇ ಬಂದರು, ಜೊತೆಗೆ ಇಬ್ಬರು ಎಂಜಿನಿಯರುಗಳು, ಒಬ್ಬ ಫೋಟೋದವನು. ಸುಮಿತ್ರಮ್ಮ ಗೇಟಿನ ಬಳಿ ಗೋಡೆ ಹಿಡಿದು ನಿಂತು ನೋಡಿದರು. ಎಂಜಿನಿಯರುಗಳು ರಸ್ತೆ ನೋಡಿದರು, ಆಮೇಲೆ ತಲೆಯೆತ್ತಿ ಮೇಲೆ ನೋಡಿದರು. ಗುರುಬಸಪ್ಪನವರಿಗೆ ಅವರು ಮೇಲೆ ಏನು ನೋಡುತ್ತಿದ್ದಾರೆಂದು ಆಗ ಹೊಳೆಯಲಿಲ್ಲ.

"ಸಭೆಯಲ್ಲಿ ಎತ್ತುತ್ತೇನೆ ಅಯ್ಯಾ, ಕಂಡಿಪ್ಪಾ," ಎಂದು ಎಂಎಲ್ಎ ಭರವಸೆ ಕೊಟ್ಟರು.

ಎತ್ತಿದರು ಕೂಡ. ಅಧಿವೇಶನದಲ್ಲಿ ಅವರ ಸರದಿ ಬರುವ ದಿನ ವೆಂಕಟೇಶ ಫೋನು ಮಾಡಿ ತಿಳಿಸಿದ. ಪಕ್ಕದ ಬ್ಲಾಕಿನ ಅಂದಾನೆಪ್ಪನೂ ಬಂದು ಕೂತ. ಗದಗಿನ ಕಡೆಯವನು, ಜವಳಿ ವ್ಯಾಪಾರ ಬಿಟ್ಟು ಈಗ ಮೊಮ್ಮಕ್ಕಳನ್ನು ನೋಡಿಕೊಂಡಿದ್ದವನು. ಎಂಎಲ್ಎ ಎದ್ದು ನಿಂತು ಕೀಲ್ಪಾಕಿನ ಹೆಸರು ಹೇಳಿದಾಗ ಗುರುಬಸಪ್ಪ ಟೀವಿಯ ದನಿ ಏರಿಸಿದರು. ವಯಸ್ಸಾದವರು, ರೋಗಿಗಳು, ಜೀವ ಕೈಯಲ್ಲಿ ಹಿಡಿದು ದಾಟುತ್ತಿದ್ದಾರೆ ಎಂದೆಲ್ಲ ಎಂಎಲ್ಎ ಚೆನ್ನಾಗಿಯೇ ಹೇಳಿದರು. ಕೊನೆಗೆ, ಆ ಭಾಗದ ಜನರ ಬಹುದಿನದ ಬೇಡಿಕೆಯಾದ ನಡೆ ಮೇಂಬಾಲಂ ಕಟ್ಟಿಕೊಡಬೇಕೆಂದು ಮಂತ್ರಿಗಳನ್ನು ಕೋರಿದರು. ಮೇಜು ಕುಟ್ಟಿದ ಸದ್ದು ಕೇಳಿಸಿತು. ಮಂತ್ರಿ ಎದ್ದು, ಪರಿಶೀಲಿಸುತ್ತೇವೆ ಎಂದರು.

"ಮೇಂಬಾಲಂ ಅಂದ್ರ ಸೇತುವೆ ಅಲ್ಲೇನ್ರಿ?" ಸುಮಿತ್ರಮ್ಮ ದಿವಾನದ ಮೇಲಿನಿಂದ ಕೇಳಿದರು.

ಗುರುಬಸಪ್ಪ ಫೋನಿಗೆ ಕೈ ಚಾಚಿದರು.

"ಮ್ಯಾಲೆ ಹತ್ತಿ ಇಳಿಯೂದು?"

"ಬಾಯ್ತಪ್ಪಿ ಅಂದಿರ್ಬೇಕು, ತಡಿ," ಎಂದು ಅವರು ಅಲ್ಲಿಂದಲೇ ವೆಂಕಟೇಶನಿಗೆ ಫೋನು ಮಾಡಿದರು.

"ಎಲ್ಲಾ ಒಂದೇ ಅಲ್ಲವಾ ಅಯ್ಯಾ," ಎಂದ ವೆಂಕಟೇಶ. "ಸಿಗ್ನಲ್ ಹಾಕಿದರೆ ಗಾಡಿ ನಿಲ್ಲಬೇಕು. ಸಾಯಂಕಾಲ ಗಾಡಿ ನಿಂತರೆ ಆ ತುದಿಯವರೆಗೂ ನಿಲ್ಲುತ್ತೆ, ಪೊಲೀಸರು ಒಪ್ಪಲ್ಲ. ಸೇತುವೆಯಾದರೆ ಯಾರಿಗೂ ತೊಂದರೆಯಿಲ್ಲ."

"ನನ್ನ ಹೆಂಡತಿ ಮೆಟ್ಟಿಲು ಹತ್ತಲಾರಳಪ್ಪಾ."

"ಲಿಫ್ಟ್ ಇರುತ್ತೆ ಅಯ್ಯಾ. ಎರಡನೇ ಹಂತದಲ್ಲಿ."

ಗುರುಬಸಪ್ಪ ಮತ್ತೆ ಬರೆದರು. ಸೇತುವೆ ಬೇಡ, ಸಿಗ್ನಲ್ ಸಾಕು ಎಂದು ಎಂಎಲ್ಎಗೆ ಬರೆದರು, ಇಲಾಖೆಗೆ ಬರೆದರು, ಕ್ಷೇತ್ರದ ಎಂಪಿಗೂ ಬರೆದರು. ಎಂಪಿ ಕಚೇರಿಯಿಂದ ಅಚ್ಚಾದ ಉತ್ತರ ಬಂತು, ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಎಂದು. ಇಲಾಖೆಯಿಂದ ಬಂದ ಉತ್ತರದಲ್ಲಿ, ಪಾದಚಾರಿಗಳ ಸುರಕ್ಷತೆಯ ಬಗ್ಗೆ ತಮಗಿರುವ ಕಾಳಜಿಗೆ ವಂದನೆಗಳು, ಸೇತುವೆಯ ಕೆಲಸ ಬೇಗ ಆರಂಭವಾಗಲಿದೆ ಎಂದಿತ್ತು. ಬಿಂದು ಅದನ್ನು ಎರಡು ಸಲ ಓದಿ ಹೇಳಿದಳು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಳೆಗಾಲ ಮುಗಿದ ಮೇಲೆ ರಸ್ತೆ ಅಗೆದರು. ಕಬ್ಬಿಣದ ಕಂಬಗಳು ಬಂದವು. ಹಗಲಿಡೀ ಬೆಸುಗೆಯ ಕಿಡಿ, ಧೂಳು. ಅಗೆದ ಗುಂಡಿಗಳ ಮಧ್ಯೆಯೇ ಸುಮಿತ್ರಮ್ಮ ಕ್ಲಿನಿಕ್ಕಿಗೆ ಹೋಗಿಬರುತ್ತಿದ್ದರು, ಗಾಡಿಗಳು ನಿಧಾನವಾಗಿದ್ದರಿಂದ ಆ ತಿಂಗಳುಗಳಲ್ಲಿ ದಾಟುವುದು ಸುಲಭವೇ ಆಗಿತ್ತು. ಕಾಲು ಸ್ವಲ್ಪ ಸ್ವಲ್ಪ ಎತ್ತಿ ಇಡಲು ಬರುತ್ತಿತ್ತು. ಹರ್ಷಿಣಿ ಖುಷಿಪಟ್ಟು, "ಇನ್ನು ಕೋಲಿಗೆ ಹೋಗಬಹುದು ಅಮ್ಮಾ, ಸಾರ್ ಕೈ ಬೇಡ," ಎಂದಳು. ಸುಮಿತ್ರಮ್ಮ ಗಂಡನ ಮುಖ ನೋಡಿ, "ಈ ಕೈನೂ ಇರ್ಲಿ," ಎಂದರು.

ಉದ್ಘಾಟನೆಗೆ ಎರಡು ದಿನ ಮುಂಚೆ ಕೆಲಸದವರು ರಸ್ತೆ ಮಧ್ಯದ ತೆರಪಿಗೆ ಸಿಮೆಂಟು ಹಾಕಿ, ಉದ್ದಕ್ಕೂ ಎದೆಮಟ್ಟದ ಕಬ್ಬಿಣದ ಬೇಲಿ ನಿಲ್ಲಿಸಿದರು. ಬಿಳಿ ಪಟ್ಟೆಗಳ ಮೇಲೆ ಹೊಸ ಡಾಂಬರು ಬಂತು. ಗುರುಬಸಪ್ಪ ಓಡಿಹೋಗಿ ಕೇಳಿದರೆ ಮೇಸ್ತ್ರಿ, "ಸೇತುವೆ ಇರುವಾಗ ಕೆಳಗೆ ಯಾಕೆ ದಾಟಬೇಕು ಅಯ್ಯಾ? ಸಾಯಲಿಕ್ಕಾ?" ಎಂದ.

ಉದ್ಘಾಟನೆಗೆ ಅವರನ್ನು ಕರೆಯಲು ವೆಂಕಟೇಶನೇ ಮನೆಗೆ ಬಂದ. ಗುರುಬಸಪ್ಪ ಹೋಗುವುದಿಲ್ಲ ಎಂದವರು, ಆಮೇಲೆ ಯೋಚಿಸಿ, ಎಂಎಲ್ಎಗೆ ಮುಖಾಮುಖಿ ಹೇಳಲು ಇದಕ್ಕಿಂತ ಬೇರೆ ಸಮಯ ಸಿಗದು ಎಂದು ಬಿಳಿ ಪಂಚೆ ಉಟ್ಟು ಹೋದರು. ಶಾಮಿಯಾನಾ, ಕುರ್ಚಿ, ಡೋಲು. ಅವರನ್ನು ವೇದಿಕೆಯ ಮೇಲೇ ಕೂರಿಸಿದರು. ಎಂಎಲ್ಎ ಮಾತಾಡುತ್ತಾ, "ಈ ಸೇತುವೆ ಕಟ್ಟಿದ್ದು ನಾನಲ್ಲ, ಈ ಅಯ್ಯನ ಒಂದು ಮನು," ಎಂದು ಕೈ ತೋರಿಸಿದರು. ಶಾಲು ಹೊದಿಸಿದರು. ಎರಡು ಮಾತಾಡಿ ಎಂದು ಮೈಕು ಕೊಟ್ಟರು.

ಗುರುಬಸಪ್ಪ ಮೈಕು ತೆಗೆದುಕೊಂಡರು. ತಮಿಳಿನಲ್ಲೇ ಹೇಳಿದರು, "ನಾನು ಕೇಳಿದ್ದು ಸಿಗ್ನಲ್. ಸೇತುವೆಯಲ್ಲ. ನನ್ನ ಹೆಂಡತಿ ಇದನ್ನು ಹತ್ತಲಾರಳು. ಅವಳ ಹಾಗಿರುವವರು ಎಷ್ಟೋ ಜನ ಇದ್ದಾರೆ. ದಯವಿಟ್ಟು ಆ ಬೇಲಿಯನ್ನಾದರೂ..."

ಎಂಎಲ್ಎ ನಗುತ್ತಾ ಎದ್ದು ಅವರ ಭುಜದ ಮೇಲೆ ಕೈಯಿಟ್ಟು ಮೈಕಿಗೆ ಬಾಗಿದರು. "ನೋಡಿದಿರಾ, ಅಯ್ಯ ಒಂದು ಕೊಟ್ಟರೆ ಇನ್ನೊಂದು ಕೇಳುತ್ತಾರೆ! ಹೀಗೆ ಹಕ್ಕಿನಿಂದ ಕೇಳುವ ಜನ ನನಗೆ ಬೇಕು. ಅಯ್ಯಾ, ಲಿಫ್ಟ್ ಕೂಡ ಬರುತ್ತೆ."

ಜನ ಚಪ್ಪಾಳೆ ಹೊಡೆದರು. ಡೋಲಿನವರು ಇದೇ ಸರಿಯಾದ ಹೊತ್ತೆಂದು ಬಾರಿಸತೊಡಗಿದರು. ಎಂಎಲ್ಎಯ ಮುಖದಲ್ಲಿ ಕಪಟವೇನೂ ಇರಲಿಲ್ಲ. ಅವರು ನಿಜಕ್ಕೂ ಒಳ್ಳೆಯದು ಮಾಡಿದ ಸಂತೋಷದಲ್ಲಿದ್ದರು. ಗುರುಬಸಪ್ಪನವರಿಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಮರುದಿನ ಸುಮಿತ್ರಮ್ಮ ಹಟ ಹಿಡಿದು, "ಒಮ್ಮೆ ನೋಡೂಣು ಬರ್ರಿ," ಎಂದು ಹೊರಟರು. ಸೇತುವೆಯ ಬುಡದಲ್ಲಿ ಕೋಲನ್ನು ಗಂಡನಿಗೆ ಕೊಟ್ಟು, ಬಲಗೈಯಿಂದ ಸರಳು ಹಿಡಿದು ಹತ್ತತೊಡಗಿದರು. ಒಂದೊಂದು ಮೆಟ್ಟಿಲಿಗೂ ಬಲಗಾಲು ಮೊದಲು, ಆಮೇಲೆ ಎಡಗಾಲನ್ನು ಸೊಂಟದಿಂದ ಎಳೆದು. ಹಿಂದೆ ಬಂದ ಕಾಲೇಜು ಹುಡುಗಿಯರು ತಾಳ್ಮೆಯಿಂದ ಕಾದು ನಿಂತರು. ಮೊದಲ ತಿರುವಿನ ಕಟ್ಟೆಯವರೆಗೆ ಹೋದರು. ಮುಖವೆಲ್ಲ ಬೆವರು, ತುಟಿ ಬಿಳಿಚಿಕೊಂಡಿತ್ತು. ತಲೆಯೆತ್ತಿ ಇನ್ನೂ ಮೇಲಿರುವುದನ್ನು ನೋಡಿದರು.

"ಸಾಕು," ಎಂದರು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಗುರುಬಸಪ್ಪ ಮುಂದೆ ನಿಂತು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೆಂಡತಿಯ ಎರಡೂ ಭುಜ ಹಿಡಿದುಕೊಂಡರು. ಬೀಳುವುದಾದರೆ ತಮ್ಮ ಮೇಲೇ ಬೀಳಲಿ ಎಂದು.

ಆಟೋ ಹಿಡಿದು ನೋಡಿದರು. ರಸ್ತೆಯ ಆಚೆಗೆ ಹೋಗಬೇಕೆಂದರೆ ಆಟೋದವರು ಮುಖ ತಿರುಗಿಸುತ್ತಿದ್ದರು. ಬಂದವನೂ ದೂರದ ತಿರುವಿನವರೆಗೆ ಹೋಗಿ ಗಾಡಿಗಳ ನಡುವೆ ಸಿಕ್ಕು ಬರುವಷ್ಟರಲ್ಲಿ ಸುಮಿತ್ರಮ್ಮನಿಗೆ ತಲೆ ಸುತ್ತುತ್ತಿತ್ತು. ಹರ್ಷಿಣಿ ಕೆಲವು ದಿನ ಬಿಡುವಿದ್ದಾಗ ತಾನೇ ಸೇತುವೆ ಹತ್ತಿ ಮನೆಗೆ ಬಂದು ಹೋದಳು. ಆಮೇಲೆ ಮದುವೆಯಾಗಿ ಬೆಸೆಂಟ್ ನಗರಕ್ಕೆ ಹೋದಳು. ಕ್ಲಿನಿಕ್ಕನ್ನು ಹಿಡಿದ ಹೊಸಬರು ಮನೆಗೆ ಬರುವುದಿಲ್ಲ ಎಂದರು. ಫೋನಿನಲ್ಲಿ ವೀಡಿಯೋ ನೋಡಿ ಮಾಡಿಸಿ ಎಂದು ಬಿಂದುವಿಗೆ ಕಳಿಸಿದರು. ಬಿಂದು ಆಫೀಸಿನಿಂದ ಬರುವಷ್ಟರಲ್ಲಿ ಅಮ್ಮ ದಣಿದಿರುತ್ತಿದ್ದಳು. ಎತ್ತಿ ಇಡಲು ಕಲಿತಿದ್ದ ಕಾಲು ಮತ್ತೆ ನೆಲ ಗೀಚತೊಡಗಿತು. ಎಡಗೈಯ ಬೆರಳುಗಳು ಒಳಕ್ಕೆ ಮಡಿಚಿಕೊಂಡವು.

ಲಿಫ್ಟಿಗೆಂದು ಬಿಟ್ಟ ಕಬ್ಬಿಣದ ಚೌಕಟ್ಟಿನೊಳಗೆ ಯಾರೋ ಎಳನೀರಿನ ರಾಶಿ ಹಾಕಿದರು.

"ನಿನ್ನ ದೆಸಿಯಿಂದ ನಾನೂ ದಾಟೂದು ಬಿಟ್ಟೆ ನೋಡಪಾ," ಎಂದ ಅಂದಾನೆಪ್ಪ ಒಂದು ಸಂಜೆ, ಗೇಟಿನ ಬಳಿ. ಚೇಷ್ಟೆಗೆ ಶುರುಮಾಡಿದ್ದ ಮಾತು ಅರ್ಧದಲ್ಲಿ ಗಟ್ಟಿಯಾಯಿತು. "ನನ್ನ ಮಣಕಾಲಿಗೆ ಅದನ್ನ ಹತ್ತೂದು ಆಗಂಗಿಲ್ಲ. ಮೊದಲ ಹೆಂಗೋ ಕೈ ಅಡ್ಡ ಹಿಡದು ಹೊಕ್ಕಿದ್ದೆ. ಸುಮ್ನ ಇರಬಾರದಾಗಿತ್ತೇನು ನೀನು?"

ಗುರುಬಸಪ್ಪ, "ನಾ ಕೇಳಿದ್ದು ಸಿಗ್ನಲ್," ಎಂದರು. ಆ ಮಾತನ್ನು ಅಷ್ಟು ಹೊತ್ತಿಗೆ ಎಷ್ಟು ಜನಕ್ಕೆ ಹೇಳಿದ್ದರೋ. ಹೇಳಿದಷ್ಟೂ ಅದು ಅವರಿಗೇ ನೆಪದ ಹಾಗೆ ಕೇಳಿಸುತ್ತಿತ್ತು.

ಮತ್ತೆ ವಿಧಾನಸಭೆ ಚುನಾವಣೆ ಬಂತು. ಎಂಎಲ್ಎಯ ಪ್ರಚಾರದ ಹಾಳೆಯ ಮೊದಲ ಪುಟದಲ್ಲೇ ಸೇತುವೆಯ ಚಿತ್ರವಿತ್ತು, ಅದರ ಮೂಲೆಯಲ್ಲಿ ಶಾಲು ಹೊದ್ದ ಗುರುಬಸಪ್ಪ. ಅವರು ಅದನ್ನು ಮಡಿಚಿ ಹಾಸಿಗೆಯ ಕೆಳಗಿಟ್ಟರು, ಸುಮಿತ್ರಮ್ಮನ ಕಣ್ಣಿಗೆ ಬೀಳದಿರಲಿ ಎಂದು. ಆದರೆ ಅದೇ ಹಾಳೆಯನ್ನು ಓಣಿಯ ಮನೆಮನೆಗೂ ಹಂಚಿದ್ದರು.

ಎದುರು ಪಕ್ಷದ ಅಭ್ಯರ್ಥಿ ಕೈಮುಗಿದುಕೊಂಡು ಬಂದಾಗ ಗುರುಬಸಪ್ಪ ಗೇಟಿನಲ್ಲೇ ತಡೆದು ಎಲ್ಲವನ್ನೂ ಹೇಳಿದರು. ಆತ ಸಿಟ್ಟಿನಿಂದ ಕೇಳಿಸಿಕೊಂಡ. "ಲಿಫ್ಟ್ ಇಲ್ಲದೆ ಸೇತುವೆ ಕಟ್ಟುವುದಾ? ನಾವು ಬಂದರೆ ಒಂದಲ್ಲ, ಎರಡು ಲಿಫ್ಟ್."

"ಲಿಫ್ಟ್ ಬೇಡ. ಬೇಲಿ ಬಿಚ್ಚಿ ಒಂದು ಸಿಗ್ನಲ್ ಹಾಕಿ ಅಂದೆ."

"ಎರಡು ಬದಿಗೂ ಅಯ್ಯಾ. ಖಂಡಿತ," ಎಂದು ಆತ ಮುಂದಿನ ಮನೆಗೆ ಹೋದ.

ಮತದಾನದ ದಿನ ಬಿಂದು ಅಮ್ಮನನ್ನು ಗಾಲಿಕುರ್ಚಿಯಲ್ಲಿ ಹಿಂದಿನ ಓಣಿಯ ಶಾಲೆಗೆ ಕರೆದುಕೊಂಡು ಹೋದಳು. ಬಹಳ ದಿನದ ಮೇಲೆ ಹೊರಗೆ ಬಂದ ಸುಮಿತ್ರಮ್ಮ ಅತ್ತಿತ್ತ ನೋಡುತ್ತಾ ಹೋದರು. ಗುರುಬಸಪ್ಪ ಯಂತ್ರದ ಮುಂದೆ ನಿಂತರು. ಹಿಂದೆಂದೂ ಅವರು ಅಲ್ಲಿ ಯೋಚಿಸಿದ್ದಿಲ್ಲ, ಮನೆಯಲ್ಲೇ ನಿರ್ಧಾರ ಮಾಡಿಕೊಂಡು ಬರುವವರು. ಆ ದಿನ ಹೆಸರುಗಳನ್ನು ಮೇಲಿಂದ ಕೆಳಗೆ ಓದಿದರು, ಮತ್ತೆ ಓದಿದರು. ಹೊರಗಿನಿಂದ ಅಧಿಕಾರಿ, "ಅಯ್ಯಾ, ಆಯ್ತಾ?" ಎಂದು ಕೂಗಿದ. ಒಂದನ್ನು ಒತ್ತಿದರು. ಯಾರಿಗೆಂದು ಬಿಂದು ಕೇಳಿದರೆ ಹೇಳಲಿಲ್ಲ.

ಎಣಿಕೆಯ ದಿನ ಟೀವಿ ಹಾಕಿದವಳು ಬಿಂದು. ಹಳೆಯ ಎಂಎಲ್ಎ ಸೋತರು, ಎರಡು ಲಿಫ್ಟಿನ ಮಾತು ಕೊಟ್ಟಾತ ಗೆದ್ದ. ಗುರುಬಸಪ್ಪ ನೋಡುತ್ತಾ ಇದ್ದರು, ಗೆದ್ದವರ ಪಟಾಕಿ ಓಣಿಯಲ್ಲಿ ಹೊಡೆದಾಗ ಎದ್ದು ಕಿಟಕಿ ಮುಚ್ಚಿದರು.

ಒಂದು ತಿಂಗಳು ಬಿಟ್ಟು ಹೊಸ ಎಂಎಲ್ಎಯ ಕಚೇರಿಗೆ ಹೋದರು. ವೆಂಕಟೇಶನಿದ್ದ ಹಾಗೆ ಅಲ್ಲೂ ಒಬ್ಬ ಸಹಾಯಕ, ಇವನೂ ಕುರ್ಚಿ ಕೊಟ್ಟ. ಕಂಪ್ಯೂಟರಿನಲ್ಲಿ ಏನೋ ಹುಡುಕಿ ಮುಖ ಬೆಳಗಿಸಿಕೊಂಡ.

"ಇದೇ ಅಲ್ಲವಾ ಅಯ್ಯಾ? ನಿಮ್ಮದೇ ಹೆಸರು. ಪಾದಚಾರಿಗಳ ದಾಟುವಿಕೆ. ಬೇಡಿಕೆ ಈಡೇರಿದೆ ಅಂತ ಮುಗಿಸಿದ್ದಾರೆ."

"ಈಡೇರಿಲ್ಲಪ್ಪಾ."

"ಸೇತುವೆ ಕಟ್ಟಿದ್ದಾರಲ್ಲ?"

"ಕಟ್ಟಿದ್ದಾರೆ."

"ಮತ್ತೆ?"

ಗುರುಬಸಪ್ಪ ಮತ್ತೆ ಮೊದಲಿನಿಂದ ಹೇಳಿದರು. ಅವನು ನಡುವೆ ಫೋನು ಬಂದರೂ ತೆಗೆಯದೆ ಕೇಳಿದ. ಕೊನೆಗೆ, "ಕಟ್ಟಿ ಎರಡು ವರ್ಷ ಆಗಿಲ್ಲ, ಅದರ ಕೆಳಗೇ ಸಿಗ್ನಲ್ ಹಾಕಿ ಅಂದರೆ ಲೆಕ್ಕಪರಿಶೋಧನೆಯವರು ಕೇಳುತ್ತಾರೆ, ಹಾಗಾದರೆ ಸೇತುವೆ ಯಾಕೆ ಕಟ್ಟಿದಿರಿ ಅಂತ. ಕಟ್ಟಿದ್ದು ನಿಮ್ಮ ಮನು ಮೇಲೆ. ಏನು ಹೇಳೋಣ?" ಎಂದ. ಆಮೇಲೆ ಮರುಕದಿಂದ, "ಹೊಸದಾಗಿ ಒಂದು ಮನು ಕೊಡಿ ಅಯ್ಯಾ. ಎಂಎಲ್ಎ ಮುಂದೆ ಇಡುತ್ತೇನೆ," ಎಂದ.

ಮನೆಗೆ ಬಂದು ಅವರು ಮೇಜಿನ ಮುಂದೆ ಕೂತರು. ಮೇಲೆ ಎಂಎಲ್ಎಯ ಹೆಸರು, ವಿಳಾಸ ಬರೆದರು. ಕೆಳಗೆ 'ಮಾನ್ಯರೇ' ಎಂದು ಬರೆದು ನಿಂತರು. ಸಿಗ್ನಲ್ ಬೇಕು ಎಂದು ಮೊದಲೇ ಬರೆದಾಗಿತ್ತು. ಅದಕ್ಕಿಂತ ಸರಳವಾಗಿ ಹೇಗೆ ಬರೆಯುವುದು? ಬೇಲಿ ತೆಗೆಯಿರಿ ಎಂದರೆ ಬೇಲಿಯಷ್ಟೇ ತೆಗೆದು ಸುಮ್ಮನಾದರೆ? ನಾಳೆ ಅಲ್ಲಿ ಯಾರಾದರೂ ಲಾರಿಗೆ ಸಿಕ್ಕರೆ, ಅದೂ ತಮ್ಮ ಹೆಸರಿಗೇ ಬರುತ್ತದೆ. ಲಿಫ್ಟ್ ಎಂದರೆ ಯಾವ ವರ್ಷಕ್ಕೋ. ಪೆನ್ನು ಹಿಡಿದ ಕೈ ಕಾಗದದ ಮೇಲೆ ಹಾಗೇ ಇತ್ತು.

"ಏನ್ ಬರಿಯಾಕ್ಹತ್ತೀರಿ?" ಸುಮಿತ್ರಮ್ಮ ದಿವಾನದಿಂದ ಕೇಳಿದರು.

"ಹೊಸಾ ಎಂಎಲ್ಎಗೆ."

ಸುಮಿತ್ರಮ್ಮ ಅವರತ್ತ ಹೊರಳಿದರು. ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು, "ಏನೂ ಕೇಳಬ್ಯಾಡ್ರಿ. ಮತ್ತ ಇನ್ನೇನರ ಕಟ್ಟ್ಯಾರು."

ಗುರುಬಸಪ್ಪ ತಿರುಗಿ ನೋಡಿದರು. ಹೆಂಡತಿಯ ಮುಖದಲ್ಲಿ ಕೊಂಕು ಇರಲಿಲ್ಲ, ನಿಜವಾದ ಹೆದರಿಕೆಯಿತ್ತು.

"ಬಚ್ಚಲಕ ಹೋಗ್ಬೇಕು, ಎಬ್ಬಸ್ರಿ," ಎಂದು ಸುಮಿತ್ರಮ್ಮ ಬಲಗೈ ಚಾಚಿದರು. ಗುರುಬಸಪ್ಪ ಪೆನ್ನು ಅಲ್ಲೇ ಬಿಟ್ಟು ಎದ್ದು ಅವರ ಬಳಿಗೆ ಹೋದರು.